ಹಲವು ಡಿಸ್ಕ್, ಒಂದೇ ವಾಲ್ಯೂಮ್: ಸರ್ವರ್‌ಗೆ ಯಾವ ವಿಧಾನ ಹೊಂದುತ್ತದೆ?

ಸರ್ವರ್‌ನಲ್ಲಿ ನಾಲ್ಕು ಹಾರ್ಡ್ ಡಿಸ್ಕ್‌ಗಳಿವೆ. ಅವು ನಾಲ್ಕು ಬೇರೆ ಬೇರೆ ಜಾಗಗಳಾಗಿ ಕಾಣದೆ ಒಂದೇ ದೊಡ್ಡ ಜಾಗವಾಗಿ, ಅಂದರೆ ಒಂದೇ ವಾಲ್ಯೂಮ್ ಆಗಿ ಕಾಣಬೇಕು. ಈ ಒಂದು ಬೇಡಿಕೆಯೊಳಗೆ ಎರಡು ಕೆಲಸಗಳು ಅಡಗಿವೆ. ಜಾಗವನ್ನು ಕೂಡಿಸುವುದು ಒಂದು. ಕೂಡಿಸಿದ ಮೇಲೆ ಅವುಗಳಲ್ಲೊಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದು ಐದು ನಿಮಿಷದಲ್ಲಿ ಮುಗಿಯುವ ಕೆಲಸವಾದ್ದರಿಂದ, ಎರಡನೆಯದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬಿಡುವುದು ಬಹಳ ಸುಲಭ. ನಾನೂ ಒಮ್ಮೆ ಹಾಗೆಯೇ ಬಿಟ್ಟಿದ್ದೆ.

ಮೂರು ಡಿಸ್ಕ್‌ಗಳನ್ನು ಎಲ್‌ವಿಎಂ (ಹಲವು ಡಿಸ್ಕ್‌ಗಳ ಜಾಗವನ್ನು ಕೂಡಿಸಿ ಹಂಚುವ ಲಿನಕ್ಸ್ ಸೌಲಭ್ಯ) ಮೂಲಕ ಒಂದರ ಬೆನ್ನಿಗೆ ಒಂದನ್ನು ಜೋಡಿಸಿ, ಮೇಲೊಂದು ಫೈಲ್ ಸಿಸ್ಟಮ್ ಹಾಕಿ ಬಳಸುತ್ತಿದ್ದೆ. ಮೂರನೆಯ ವರ್ಷ ನಡುವಿನ ಡಿಸ್ಕ್ ಸದ್ದು ಮಾಡುತ್ತಾ ನಿಂತುಹೋಯಿತು. ಉಳಿದೆರಡು ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ, ಅವುಗಳಲ್ಲಿದ್ದ ಬಿಟ್‌ಗಳೆಲ್ಲ ಹಾಗೆಯೇ ಇದ್ದವು. ಆದರೆ ಯಾವ ಫೈಲ್ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ಹೇಳುವ ಪಟ್ಟಿಯ ಒಂದು ಭಾಗ ಸತ್ತ ಡಿಸ್ಕಿನಲ್ಲಿತ್ತು. ಹಲವು ದಿನ ರಿಕವರಿ ಸಾಫ್ಟ್‌ವೇರ್ ಓಡಿಸಿದ ಮೇಲೆ ಸಿಕ್ಕಿದ್ದು ಹೆಸರೂ ಫೋಲ್ಡರೂ ಇಲ್ಲದ ಸಾವಿರಾರು ಫೈಲ್‌ಗಳ ರಾಶಿ. ಅಂದಿನಿಂದ ಯಾವ ವಿಧಾನವನ್ನು ನೋಡಿದರೂ ನನ್ನ ಮೊದಲ ಪ್ರಶ್ನೆ ಒಂದೇ: ಒಂದು ಡಿಸ್ಕ್ ಕೈಕೊಟ್ಟ ದಿನ ಇದು ಹೇಗೆ ನಡೆದುಕೊಳ್ಳುತ್ತದೆ? ಎಷ್ಟು ಟಿಬಿ ಸಿಗುತ್ತದೆ, ಎಷ್ಟು ವೇಗವಾಗಿ ಓಡುತ್ತದೆ ಎಂಬ ಲೆಕ್ಕಗಳು ಅದರ ನಂತರ ಬರಬೇಕು. ಮುಂದಿನ ಹೋಲಿಕೆಯನ್ನು ಅದೇ ಕ್ರಮದಲ್ಲಿ ಮಾಡಿದ್ದೇನೆ.

ರಕ್ಷಣೆಯಿಲ್ಲದೆ ಕೂಡಿಸುವ ವಿಧಾನಗಳು

ಡಿಸ್ಕ್‌ಗಳನ್ನು ಸಾಲಾಗಿ ಜೋಡಿಸುವ ಲೀನಿಯರ್ ಕ್ರಮದಲ್ಲಿ ಮೊದಲ ಡಿಸ್ಕ್ ಮುಗಿದಲ್ಲಿ ಎರಡನೆಯದು ಆರಂಭವಾಗುತ್ತದೆ. ಎಲ್‌ವಿಎಂಗೆ ಬೇರೇನೂ ಹೇಳದಿದ್ದರೆ ಅದು ಮಾಡುವುದು ಇದನ್ನೇ. ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ಪದ್ಧತಿಗೆ ರೇಡ್ ಎನ್ನುತ್ತಾರೆ; ಅದರ ರೇಡ್ 0 ಎಂಬ ಕ್ರಮದಲ್ಲಿ ಪ್ರತಿಯೊಂದು ಫೈಲನ್ನೂ ಸಣ್ಣ ಸಣ್ಣ ತುಂಡುಗಳಾಗಿ ಸೀಳಿ ಎಲ್ಲ ಡಿಸ್ಕ್‌ಗಳಿಗೂ ಹಂಚಲಾಗುತ್ತದೆ, ಆದ್ದರಿಂದ ದೊಡ್ಡ ಫೈಲ್‌ಗಳನ್ನು ಓದುವಾಗ ಎಲ್ಲ ಡಿಸ್ಕ್‌ಗಳ ವೇಗವೂ ಒಟ್ಟಾಗಿ ಸಿಗುತ್ತದೆ. ಎರಡರಲ್ಲೂ ಜಾಗ ಒಂದಿಷ್ಟೂ ನಷ್ಟವಾಗುವುದಿಲ್ಲ, ಮತ್ತು ಎರಡರಲ್ಲೂ ಒಂದು ಡಿಸ್ಕ್ ಹೋದರೆ ಇಡೀ ವಾಲ್ಯೂಮ್ ಹೋದಂತೆಯೇ. ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಾಧ್ಯತೆ ನೂರಕ್ಕೆ 2 ಎಂದು ಹಿಡಿದರೆ, ನಾಲ್ಕು ಡಿಸ್ಕ್‌ಗಳ ಇಂಥ ವಾಲ್ಯೂಮ್ ವರ್ಷದೊಳಗೆ ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 7.8 ಆಗುತ್ತದೆ. ಡಿಸ್ಕ್ ಸೇರಿಸಿದಷ್ಟೂ ಜಾಗದ ಜೊತೆಗೆ ಅಪಾಯವೂ ಬೆಳೆಯುತ್ತದೆ.

ಮತ್ತೆ ಸುಲಭವಾಗಿ ತಯಾರಿಸಿಕೊಳ್ಳಬಹುದಾದ ಮಾಹಿತಿಗೆ, ಅಂದರೆ ಕ್ಯಾಶ್ (ಬೇಗ ಸಿಗಲೆಂದು ಇಟ್ಟುಕೊಂಡ ನಕಲು), ತಾತ್ಕಾಲಿಕ ಫೈಲ್‌ಗಳು, ಬೇರೆಡೆ ಮೂಲ ಪ್ರತಿ ಇರುವ ದಾಖಲೆಗಳು ಇಂಥವಕ್ಕೆ ಮಾತ್ರ ಇವು ಸರಿ. ಅಲ್ಲಿಯೂ ವೇಗ ಮುಖ್ಯವಲ್ಲದಿದ್ದರೆ ಮರ್ಜರ್‌ಎಫ್‌ಎಸ್ ಎಂಬ ವಿಧಾನವೇ ಮೇಲು ಎಂದು ನನ್ನ ಅಭಿಪ್ರಾಯ. ಅದು ಪ್ರತಿ ಡಿಸ್ಕಿನ ಮೇಲೂ ಅದರದೇ ಫೈಲ್ ಸಿಸ್ಟಮ್ ಇರಲು ಬಿಟ್ಟು, ಅವೆಲ್ಲವನ್ನೂ ಒಂದೇ ಫೋಲ್ಡರ್ ಮರದಂತೆ ತೋರಿಸುತ್ತದೆ. ಒಂದೊಂದು ಫೈಲೂ ಇಡಿಯಾಗಿ ಯಾವುದಾದರೂ ಒಂದೇ ಡಿಸ್ಕಿನಲ್ಲಿ ಇರುವುದರಿಂದ, ಒಂದು ಡಿಸ್ಕ್ ಸತ್ತರೆ ಅದರಲ್ಲಿದ್ದ ಫೈಲ್‌ಗಳಷ್ಟೇ ಹೋಗುತ್ತವೆ. ಉಳಿದ ಡಿಸ್ಕ್‌ಗಳನ್ನು ಕಿತ್ತು ಬೇರೆ ಯಾವ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಓದಿಕೊಳ್ಳಬಹುದು. ನನ್ನ ಮೂರು ಡಿಸ್ಕ್‌ಗಳನ್ನು ಹೀಗೆ ಕೂಡಿಸಿದ್ದರೆ ಮೂರನೆಯ ಎರಡು ಭಾಗ ಹೆಸರುಗಳ ಸಮೇತ ಉಳಿದಿರುತ್ತಿತ್ತು.

ರೇಡ್ ಮಟ್ಟಗಳು: ಜಾಗ ಕೊಟ್ಟು ಕೊಳ್ಳುವ ರಕ್ಷಣೆ

ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ರೇಡ್ ಎಂಬ ಹೆಸರೂ, 1ರಿಂದ 5ರವರೆಗಿನ ಮಟ್ಟಗಳೂ ಬಂದವು. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಬಳಸುವುದು ಅವರ ಯೋಚನೆಯಾಗಿತ್ತು. ಆದರೆ ಹೆಚ್ಚುವರಿ ಪ್ರತಿಯ ವ್ಯವಸ್ಥೆ ಇಲ್ಲದೆ ಹಾಗೆ ಕೂಡಿಸಿದರೆ ಅದು ನೆಚ್ಚಲಾಗದಷ್ಟು ಬೇಗ ಕೆಡುತ್ತದೆ ಎಂಬುದನ್ನು ಅವರೇ ಲೆಕ್ಕ ಹಾಕಿ ತೋರಿಸಿದ್ದರು. ರಕ್ಷಣೆಯೇ ಇಲ್ಲದ ಕ್ರಮಕ್ಕೆ 0 ಎಂಬ ಸಂಖ್ಯೆಯೂ, ಎರಡು ಪ್ಯಾರಿಟಿಯ (ಕೆಟ್ಟ ಡಿಸ್ಕಿನಲ್ಲಿದ್ದುದನ್ನು ಉಳಿದವುಗಳಿಂದ ಮತ್ತೆ ಲೆಕ್ಕ ಹಾಕಿ ಪಡೆಯಲು ಇಡುವ ಹೆಚ್ಚುವರಿ ಮಾಹಿತಿ) ಕ್ರಮಕ್ಕೆ 6 ಎಂಬ ಸಂಖ್ಯೆಯೂ ನಂತರ ಸೇರಿಕೊಂಡವು.

ತಲಾ 8 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ಮುಂದಿಟ್ಟುಕೊಂಡು ನೋಡೋಣ. ರೇಡ್ 5ರಲ್ಲಿ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ ಹೋಗಿ 24 ಟಿಬಿ ಉಳಿಯುತ್ತದೆ. ಯಾವುದೇ ಒಂದು ಡಿಸ್ಕ್ ಕೆಟ್ಟರೂ ನಡೆಯುತ್ತದೆ. ರೇಡ್ 6ರಲ್ಲಿ ಎರಡು ಡಿಸ್ಕಿನಷ್ಟು ಜಾಗ ಬಿಟ್ಟುಕೊಟ್ಟು 16 ಟಿಬಿ ಪಡೆಯುತ್ತೇವೆ. ಯಾವ ಎರಡು ಡಿಸ್ಕ್‌ಗಳು ಒಟ್ಟಿಗೆ ಕೆಟ್ಟರೂ ಮಾಹಿತಿ ಉಳಿಯುತ್ತದೆ. ರೇಡ್ 10ರಲ್ಲಿ ಡಿಸ್ಕ್‌ಗಳು ಜೋಡಿ ಜೋಡಿಯಾಗಿ ಒಂದಕ್ಕೊಂದು ಪ್ರತಿಯಾಗಿರುತ್ತವೆ, ಸಿಗುವುದು ಇಲ್ಲಿಯೂ 16 ಟಿಬಿ. ಒಂದು ಡಿಸ್ಕ್ ಹೋದ ಮೇಲೆ ಉಳಿದ ಮೂರರಲ್ಲಿ ಅದರ ಜೋಡಿಯೇ ಹೋದರೆ ಎಲ್ಲವೂ ಹೋಯಿತು, ಮಿಕ್ಕೆರಡರಲ್ಲಿ ಯಾವುದು ಹೋದರೂ ಬದುಕಿದೆವು. (8 ಟಿಬಿ ಎಂದು ಮೇಲೆ ಬರೆದಿರುವ ಡಿಸ್ಕನ್ನು ಎಷ್ಟೋ ಸಾಫ್ಟ್‌ವೇರ್‌ಗಳು 7.28 ಎಂದು ತೋರಿಸುತ್ತವೆ. ತಯಾರಕರು 1000ದ ಗುಣಕದಲ್ಲಿ ಎಣಿಸುತ್ತಾರೆ, ಸಾಫ್ಟ್‌ವೇರ್ 1024ರ ಗುಣಕದಲ್ಲಿ ಎಣಿಸುತ್ತದೆ. ಡಿಸ್ಕಿನಲ್ಲಿ ದೋಷವೇನೂ ಇಲ್ಲ.)

ಕಾಗದದ ಮೇಲೆ 24 ಟಿಬಿ ಕೊಡುವ ರೇಡ್ 5 ಗೆದ್ದಂತೆ ಕಾಣುತ್ತದೆ. ಅದರ ನಿಜವಾದ ಬೆಲೆ ಡಿಸ್ಕ್ ಕೆಟ್ಟ ದಿನ ಗೊತ್ತಾಗುತ್ತದೆ. ಹೊಸ ಡಿಸ್ಕ್ ಹಾಕಿದ ಮೇಲೆ ಅದನ್ನು ತುಂಬಲು ಉಳಿದ ಮೂರೂ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ, ಅಂದರೆ ಒಟ್ಟು 24 ಟಿಬಿಯಷ್ಟನ್ನು, ಒಂದೂ ತಪ್ಪಿಲ್ಲದೆ ಓದಬೇಕು. ಸೆಕೆಂಡಿಗೆ ಸರಾಸರಿ 180 ಎಂಬಿ ವೇಗ ಸಿಕ್ಕರೂ 8 ಟಿಬಿ ತುಂಬಲು ಹನ್ನೆರಡು ಗಂಟೆಗೂ ಮೇಲೆ ಬೇಕು. 16 ಟಿಬಿಯ ಡಿಸ್ಕ್ ಆದರೆ ಸೆಕೆಂಡಿಗೆ 200 ಎಂಬಿ ವೇಗದಲ್ಲೂ 22 ಗಂಟೆ. ಸರ್ವರ್ ತನ್ನ ಮಾಮೂಲಿ ಕೆಲಸವನ್ನೂ ಮಾಡುತ್ತಿದ್ದರೆ ಇದು ದಿನಗಟ್ಟಲೆ ಎಳೆಯುತ್ತದೆ. ಸಾಮಾನ್ಯ ಡಿಸ್ಕ್‌ಗಳ ವಿವರಣಾ ಪತ್ರದಲ್ಲಿ 10ರ 14ನೇ ಘಾತದಷ್ಟು ಬಿಟ್‌ಗಳನ್ನು ಓದುವಾಗ ಒಂದು ಕಡೆ ಓದಲಾಗದ ದೋಷ ಬರಬಹುದು ಎಂದು ಬರೆದಿರುತ್ತಾರೆ, ಅದು 12.5 ಟಿಬಿಗೆ ಸಮ. ವಾಸ್ತವದಲ್ಲಿ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ, ಹಾಗಾಗಿ ಈ ಅಂಕಿಯನ್ನೇ ಹಿಡಿದು ರೇಡ್ 5 ಖಂಡಿತ ಸೋಲುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಒಂದೇ ದಿನ ಕೊಂಡ, ಒಂದೇ ಬ್ಯಾಚ್‌ನಲ್ಲಿ ತಯಾರಾದ, ಒಂದೇ ಬಿಸಿಯಲ್ಲಿ ಅಷ್ಟೇ ಗಂಟೆ ಓಡಿದ ಮೂರು ಡಿಸ್ಕ್‌ಗಳ ಮೇಲೆ ಅತ್ಯಂತ ಹೆಚ್ಚು ಭಾರ ಹೊರಿಸುವ ಆ ಹೊತ್ತಿನಲ್ಲಿ ರಕ್ಷಣೆಯ ಪದರ ಒಂದೂ ಉಳಿದಿರುವುದಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಈ ಗಾತ್ರದ ಡಿಸ್ಕ್‌ಗಳಲ್ಲಿ ಒಂದೇ ಪ್ಯಾರಿಟಿಯನ್ನು ನಾನು ಹೊಸದಾಗಿ ಯಾವ ಸರ್ವರ್‌ಗೂ ಹಾಕುವುದಿಲ್ಲ.

ರೇಡ್ 6 ಮತ್ತು ರೇಡ್ 10ರ ನಡುವಿನ ಆಯ್ಕೆ ಹೆಚ್ಚು ಸೂಕ್ಷ್ಮವಾದದ್ದು. ರೇಡ್ 10ರಲ್ಲಿ ಮರುಜೋಡಣೆಗೆ ಒಂದೇ ಡಿಸ್ಕನ್ನು ಓದಿ ಇನ್ನೊಂದಕ್ಕೆ ನಕಲು ಮಾಡಿದರೆ ಸಾಕು, ಉಳಿದ ಜೋಡಿಗಳಿಗೆ ಅದರ ಬಿಸಿ ತಟ್ಟುವುದಿಲ್ಲ. ಸಣ್ಣ ಸಣ್ಣ ಬರಹಗಳಲ್ಲೂ ಅದು ಮುಂದೆ: ಒಂದು ಸಣ್ಣ ಬ್ಲಾಕ್ ಬದಲಿಸಲು ರೇಡ್ 10ಕ್ಕೆ ಎರಡು ಬಾರಿ ಬರೆದರೆ ಆಯಿತು, ರೇಡ್ 5ಕ್ಕೆ ಹಳೆಯ ಮಾಹಿತಿ, ಹಳೆಯ ಪ್ಯಾರಿಟಿ ಓದಿ ಎರಡನ್ನೂ ಹೊಸದಾಗಿ ಬರೆಯಲು ನಾಲ್ಕು ಕ್ರಿಯೆ ಬೇಕು, ರೇಡ್ 6ಕ್ಕೆ ಆರು. ಡೇಟಾಬೇಸ್ ಅಥವಾ ವರ್ಚುವಲ್ ಯಂತ್ರಗಳಿರುವ ಸರ್ವರ್‌ಗೆ ರೇಡ್ 10 ಬಿಟ್ಟು ಬೇರೆ ಯೋಚಿಸಬೇಕಿಲ್ಲ. ವೀಡಿಯೊ, ಛಾಯಾಚಿತ್ರ, ಬ್ಯಾಕಪ್‌ನಂಥ ದೊಡ್ಡ ಫೈಲ್‌ಗಳನ್ನು ಒಮ್ಮೆ ಬರೆದು ಹಲವು ಬಾರಿ ಓದುವಲ್ಲಿ, ಅದೂ ಆರು ಅಥವಾ ಎಂಟು ಡಿಸ್ಕ್‌ಗಳಿರುವಲ್ಲಿ, ರೇಡ್ 6 ನ್ಯಾಯವಾದ ಆಯ್ಕೆ: 8 ಟಿಬಿಯ ಎಂಟು ಡಿಸ್ಕ್‌ಗಳಿಂದ ಅದು 48 ಟಿಬಿ ಕೊಡುತ್ತದೆ, ರೇಡ್ 10 ಕೊಡುವುದು 32.

ಕೂಡಿಸುವ ಕೆಲಸ ಯಾರು ಮಾಡಬೇಕು?

ಮಟ್ಟ ಗೊತ್ತಾದ ಮೇಲೆ ಅದನ್ನು ನಡೆಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಹಾರ್ಡ್‌ವೇರ್ ರೇಡ್ ಕಾರ್ಡ್ ಬಳಸಿದರೆ ಆಪರೇಟಿಂಗ್ ಸಿಸ್ಟಮ್‌ಗೆ ಒಂದೇ ಡಿಸ್ಕ್ ಕಾಣುತ್ತದೆ, ಬೂಟ್ ಮಾಡುವುದೂ ಸರಳ, ಮತ್ತು ಬ್ಯಾಟರಿ ಅಥವಾ ಕೆಪ್ಯಾಸಿಟರ್ ಬೆಂಬಲದ ಕ್ಯಾಶ್ ಇದ್ದರೆ ಬರೆಯುವ ವೇಗ ಚೆನ್ನಾಗಿರುತ್ತದೆ. ತನ್ನದೇ ಆದ ಸಾಫ್ಟ್‌ವೇರ್ ರೇಡ್ ಇಲ್ಲದ ಹೈಪರ್‌ವೈಸರ್‌ಗಳಿಗೆ (ವರ್ಚುವಲ್ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರ್) ಇದೇ ದಾರಿ. ಆದರೆ ಡಿಸ್ಕ್‌ಗಳ ಬದಲು ಕಾರ್ಡೇ ಸತ್ತರೆ, ಅದೇ ಬಗೆಯ ಇನ್ನೊಂದು ಕಾರ್ಡ್ ಸಿಗುವವರೆಗೆ ಆರೋಗ್ಯವಾಗಿರುವ ಡಿಸ್ಕ್‌ಗಳೂ ಓದಲು ಬಾರವು. ಹಳೆಯ ಸರ್ವರ್‌ಗಳಲ್ಲಿ ಈ ಹುಡುಕಾಟ ಬಹಳ ದಣಿಸುತ್ತದೆ. ಇಂಥ ಕಾರ್ಡ್ ಕೊಳ್ಳುವವರು ಅದೇ ಮಾದರಿಯ ಇನ್ನೊಂದನ್ನು ಕಪಾಟಿನಲ್ಲಿಟ್ಟುಕೊಳ್ಳಬೇಕು. ಮದರ್‌ಬೋರ್ಡ್‌ನೊಳಗೇ ಬರುವ ಅಗ್ಗದ ರೇಡ್ ಸೌಲಭ್ಯಕ್ಕೆ ಕ್ಯಾಶ್‌ನ ಲಾಭವೂ ಇಲ್ಲ, ಸಾಫ್ಟ್‌ವೇರ್ ರೇಡ್‌ನ ಸ್ವಾತಂತ್ರ್ಯವೂ ಇಲ್ಲ. ಸರ್ವರ್‌ನಲ್ಲಿ ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಲಿನಕ್ಸ್ ಕರ್ನಲ್‌ನೊಳಗಿನ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿನೊಳಗಿನ) ಸಾಫ್ಟ್‌ವೇರ್ ರೇಡ್ ಆದ ಎಂಡಿ ಮತ್ತು ಅದನ್ನು ನಿರ್ವಹಿಸುವ ಎಂಡಿಎಡಿಎಂ ಉಪಕರಣ ಎರಡು ದಶಕಕ್ಕೂ ಮೀರಿ ಬಳಕೆಯಲ್ಲಿ ಪಳಗಿದವು. ಇಲ್ಲಿ ಡಿಸ್ಕ್‌ಗಳನ್ನು ಕಿತ್ತು ಬೇರೊಂದು ಲಿನಕ್ಸ್ ಯಂತ್ರಕ್ಕೆ ಹಾಕಿದರೆ, ಯಾವ ಕ್ರಮದಲ್ಲಿ ಹಾಕಿದರೂ, ಅವು ತಮ್ಮನ್ನು ತಾವೇ ಗುರುತಿಸಿಕೊಂಡು ಜೋಡಣೆಯಾಗುತ್ತವೆ. ಡಿಸ್ಕ್ ಸೇರಿಸಿ ಹಿಗ್ಗಿಸಬಹುದು, ರೇಡ್ 5ನ್ನು ರೇಡ್ 6 ಆಗಿ ಬದಲಿಸಬಹುದು, ಅದೂ ವಾಲ್ಯೂಮ್ ಬಳಕೆಯಲ್ಲಿರುವಾಗಲೇ. ಸ್ಥಿತಿಯನ್ನು ನೋಡುವುದೂ ಸುಲಭ: ಪ್ರಾಕ್ ಫೋಲ್ಡರಿನ ಎಂಡಿಸ್ಟ್ಯಾಟ್ ಎಂಬ ಫೈಲನ್ನು ತೆರೆದರೆ ಚೌಕ ಕಂಸದೊಳಗೆ ಡಿಸ್ಕಿಗೊಂದರಂತೆ ಯು ಅಕ್ಷರಗಳ ಸಾಲು ಕಾಣುತ್ತದೆ. ನಾಲ್ಕು ಯು ಇದ್ದರೆ ಎಲ್ಲವೂ ಸರಿ. ಮೂರು ಯು ಇದ್ದು ಒಂದರ ಜಾಗದಲ್ಲಿ ಸಣ್ಣ ಅಡಿಗೆರೆ ಕಂಡರೆ, ಆ ಗೆರೆಯ ಜಾಗದ ಡಿಸ್ಕ್ ಹೊರಬಿದ್ದಿದೆ. ಸರ್ವರ್ ಮಾತ್ರ ಏನೂ ಆಗದಂತೆ ಓಡುತ್ತಿರುತ್ತದೆ, ಅದಕ್ಕಾಗಿಯೇ ಈ ಅಡಿಗೆರೆಯನ್ನು ತಿಂಗಳುಗಟ್ಟಲೆ ಯಾರೂ ನೋಡದೆ ಉಳಿಯುವುದುಂಟು.

ಎಂಡಿಗೆ ಎರಡು ಮಿತಿಗಳಿವೆ. ಬರೆಯುವ ನಡುವೆ ವಿದ್ಯುತ್ ಹೋದರೆ ಮಾಹಿತಿ ಹೊಸದು, ಪ್ಯಾರಿಟಿ ಹಳೆಯದು ಎಂಬ ಸ್ಥಿತಿ ಉಳಿಯಬಹುದು. ಇದನ್ನು ರೈಟ್ ಹೋಲ್ ಎನ್ನುತ್ತಾರೆ. ಬರಹವನ್ನು ಮೊದಲು ದಾಖಲಿಸುವ ಪ್ರತ್ಯೇಕ ಜರ್ನಲ್ ಅನ್ನು ಎಸ್‌ಎಸ್‌ಡಿಯ ಮೇಲೆ ಇಟ್ಟು ಇದನ್ನು ಮುಚ್ಚಬಹುದು, ಯುಪಿಎಸ್ ಅಂತೂ ಇರಲೇಬೇಕು. ಇನ್ನೊಂದು ಮಿತಿ ಹೆಚ್ಚು ಮೂಲಭೂತವಾದದ್ದು: ಡಿಸ್ಕ್ ದೋಷ ಹೇಳದೆ ತಪ್ಪು ಮಾಹಿತಿಯನ್ನೇ ಕೊಟ್ಟರೆ ಎಂಡಿಗೆ ಅದು ತಿಳಿಯುವುದಿಲ್ಲ. ಪರಿಶೀಲನೆ ಓಡಿಸಿದಾಗ ಎರಡು ಪ್ರತಿಗಳು ಹೊಂದುತ್ತಿಲ್ಲ ಎಂದು ಅದು ಹೇಳಬಲ್ಲದು, ಯಾವುದು ಸರಿ ಎಂದು ಹೇಳಲಾರದು.

ಎಂಡಿಯ ಮೇಲೆ ಎಲ್‌ವಿಎಂ ಹಾಕಿಕೊಂಡರೆ ಜಾಗವನ್ನು ಬೇಕಾದಂತೆ ಹಂಚಬಹುದು, ಆಮೇಲೆ ಇನ್ನೊಂದು ರೇಡ್ ಗುಂಪನ್ನು ತಂದು ಸೇರಿಸಬಹುದು. ಎಲ್‌ವಿಎಂ ಒಂದನ್ನೇ ಬಳಸುವುದಾದರೆ ವಾಲ್ಯೂಮ್ ಸೃಷ್ಟಿಸುವಾಗ ರೇಡ್ ಬಗೆಯನ್ನು ಬಾಯಿಬಿಟ್ಟು ಹೇಳಬೇಕು. ಒಳಗೆ ಅದು ಬಳಸುವುದು ಎಂಡಿಯ ಕೋಡನ್ನೇ. ಮೇಲಿನ ಫೈಲ್ ಸಿಸ್ಟಮ್ ಎಕ್ಸ್‌ಎಫ್‌ಎಸ್ ಆದರೆ ಅದನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗದು ಎಂಬುದನ್ನು ಮೊದಲೇ ತಿಳಿದಿರಬೇಕು. ಇಎಕ್ಸ್‌ಟಿ4 ಆದರೆ ಅನ್‌ಮೌಂಟ್ ಮಾಡಿ (ಬಳಕೆಯಿಂದ ಬಿಡಿಸಿ) ಕಿರಿದಾಗಿಸಬಹುದು.

ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಈ ಪದರಗಳನ್ನೆಲ್ಲ ಒಂದಾಗಿಸುತ್ತದೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿ 2005ರಲ್ಲಿ ಓಪನ್‌ಸೋಲಾರಿಸ್ ಜೊತೆ ಮುಕ್ತವಾಗಿ ಹೊರಬಂದ ಇದು ಇಂದು ಓಪನ್‌ಝಡ್‌ಎಫ್‌ಎಸ್ ಹೆಸರಿನಲ್ಲಿ ಬೆಳೆಯುತ್ತಿದೆ. ಪ್ರತಿಯೊಂದು ಬ್ಲಾಕಿಗೂ ಚೆಕ್‌ಸಮ್ (ಮಾಹಿತಿ ಬದಲಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇರುವುದರಿಂದ, ಡಿಸ್ಕ್ ತಪ್ಪು ಮಾಹಿತಿ ಕೊಟ್ಟರೆ ಅದು ಓದುವ ಕ್ಷಣದಲ್ಲೇ ಗೊತ್ತಾಗುತ್ತದೆ, ಸರಿಯಾದ ಪ್ರತಿಯಿಂದ ತಾನೇ ತಿದ್ದಿಕೊಳ್ಳುತ್ತದೆ. ಎಂಡಿ ಉತ್ತರಿಸಲಾಗದ ಪ್ರಶ್ನೆಗೆ ಉತ್ತರ ಇಲ್ಲಿದೆ, ಮತ್ತು ದೀರ್ಘಕಾಲ ಇಡಬೇಕಾದ ಮಾಹಿತಿಗೆ ನಾನು ಇದನ್ನು ಆಯ್ದುಕೊಳ್ಳಲು ಇದೇ ಮುಖ್ಯ ಕಾರಣ. ಇರುವುದರ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆದು ಕೊನೆಗೆ ಗುರುತು ಬದಲಿಸುವ ಪದ್ಧತಿಯಿಂದಾಗಿ ರೈಟ್ ಹೋಲ್ ಇಲ್ಲ. ಡಿಸ್ಕ್ ಬದಲಿಸಿದಾಗ ಬಳಕೆಯಲ್ಲಿರುವ ಭಾಗವನ್ನಷ್ಟೇ ಮರುಜೋಡಿಸುತ್ತದೆ. ಕಾಲು ಭಾಗ ತುಂಬಿದ ಪೂಲ್ (ಕೂಡಿಸಿದ ಇಡೀ ಜಾಗಕ್ಕೆ ಇಲ್ಲಿನ ಹೆಸರು) ಆದರೆ ಕಾಲು ಭಾಗದ ಕೆಲಸ.

ಇಷ್ಟಾದರೂ ಝಡ್‌ಎಫ್‌ಎಸ್ ಮೊದಲೇ ಯೋಜನೆ ಬೇಡುತ್ತದೆ. ಪೂಲ್ ಎಂಬುದು ವಿಡೆವ್ ಎಂಬ ಗುಂಪುಗಳಿಂದ ಆಗಿರುತ್ತದೆ, ರಕ್ಷಣೆ ಇರುವುದು ಗುಂಪಿನೊಳಗೆ, ಮತ್ತು ಒಂದೇ ಒಂದು ಗುಂಪು ಪೂರ್ಣ ಕುಸಿದರೂ ಪೂಲ್ ಕುಸಿಯುತ್ತದೆ. ಇಲ್ಲಿ ಒಂದು ತಪ್ಪಿಗೆ ವಿಶೇಷ ಎಚ್ಚರಿಕೆ ಬೇಕು. ಅಟ್ಯಾಚ್ ಎಂಬ ಆದೇಶ ಇರುವ ಗುಂಪಿಗೆ ಡಿಸ್ಕನ್ನು ಜೋಡಿಸುತ್ತದೆ. ಆಡ್ ಎಂಬ ಆದೇಶ ಹೊಸ ಗುಂಪನ್ನೇ ಹುಟ್ಟಿಸುತ್ತದೆ. ಒಂಟಿ ಡಿಸ್ಕನ್ನು ಆಡ್ ಮಾಡಹೊರಟರೆ ರಕ್ಷಣೆಯ ಮಟ್ಟ ಹೊಂದುತ್ತಿಲ್ಲ ಎಂದು ಝಡ್‌ಎಫ್‌ಎಸ್ ತಡೆಯುತ್ತದೆ, ಆದರೆ ಬಲವಂತದ ಆಯ್ಕೆ ಸೇರಿಸಿ ಮತ್ತೆ ಓಡಿಸಿದರೆ ಒಪ್ಪಿಕೊಳ್ಳುತ್ತದೆ. ಪೂಲ್‌ನಲ್ಲಿ ರೇಡ್‌ಝಡ್ (ಝಡ್‌ಎಫ್‌ಎಸ್‌ನ ಪ್ಯಾರಿಟಿ ಕ್ರಮ) ಗುಂಪು ಇದ್ದರೆ ಆ ಒಂಟಿ ಡಿಸ್ಕನ್ನು ಆಮೇಲೆ ತೆಗೆಯಲಾಗುವುದಿಲ್ಲ. ಅಂದಿನಿಂದ ಇಡೀ ಪೂಲ್‌ನ ಆಯುಷ್ಯ ಆ ಒಂದು ಡಿಸ್ಕಿನ ಆಯುಷ್ಯವೇ. ರೇಡ್‌ಝಡ್ ಗುಂಪಿಗೆ ಒಂದೊಂದೇ ಡಿಸ್ಕ್ ಸೇರಿಸಿ ಹಿಗ್ಗಿಸುವ ಸೌಲಭ್ಯ 2025ರ ಜನವರಿಯಲ್ಲಿ ಬಂದ 2.3 ಆವೃತ್ತಿಯಲ್ಲಿ ಸೇರಿದೆ, ಹಾಗೆ ಹಿಗ್ಗಿಸಿದಾಗ ಹಳೆಯ ಮಾಹಿತಿ ಹಳೆಯ ಪ್ಯಾರಿಟಿ ಪ್ರಮಾಣದಲ್ಲೇ ಉಳಿಯುತ್ತದೆ. ಪರವಾನಗಿಯ ಕಾರಣದಿಂದ ಇದು ಲಿನಕ್ಸ್ ಕರ್ನಲ್‌ನ ಭಾಗವಲ್ಲ, ಪ್ರತ್ಯೇಕ ಮಾಡ್ಯೂಲ್ ಆಗಿ ಬರುತ್ತದೆ. ಕರ್ನಲ್ ನವೀಕರಿಸುವ ಮುನ್ನ ಮಾಡ್ಯೂಲ್ ಅದಕ್ಕೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಬೇಕು. ಮೆಮೊರಿಯನ್ನೂ ಕ್ಯಾಶ್‌ಗಾಗಿ ಧಾರಾಳವಾಗಿ ಬಳಸುತ್ತದೆ. ಒಂದೇ ಮಾಹಿತಿ ಹಲವು ಕಡೆ ಇದ್ದರೆ ಒಮ್ಮೆ ಮಾತ್ರ ಇಡುವ ಡಿಡ್ಯೂಪ್ ಎಂಬ ಸೌಲಭ್ಯ ಮೊದಲಿನಿಂದ ಮುಚ್ಚಿಯೇ ಇರುತ್ತದೆ, ಬಹುಪಾಲು ಸರ್ವರ್‌ಗಳಲ್ಲಿ ಅದನ್ನು ಹಾಗೆಯೇ ಬಿಡಬೇಕು.

ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್ 2009ರಿಂದ ಲಿನಕ್ಸ್ ಕರ್ನಲ್‌ನೊಳಗೇ ಇದೆ, ಚೆಕ್‌ಸಮ್ ಇದೆ, ಅಳತೆ ಬೇರೆ ಬೇರೆಯಿರುವ ಡಿಸ್ಕ್‌ಗಳನ್ನು ಇಷ್ಟು ಸರಾಗವಾಗಿ ಒಪ್ಪಿಕೊಳ್ಳುವುದು ಇನ್ನೊಂದಿಲ್ಲ. ಡಿಸ್ಕ್ ಸೇರಿಸುವುದು, ತೆಗೆಯುವುದು, ಮಟ್ಟ ಬದಲಿಸುವುದು ಎಲ್ಲವೂ ಓಡುತ್ತಿರುವಾಗಲೇ ಸಾಧ್ಯ. ಅದರ ರೇಡ್ 1 ಎಂದರೆ ಎಷ್ಟೇ ಡಿಸ್ಕ್‌ಗಳಿದ್ದರೂ ಪ್ರತಿ ತುಂಡಿಗೂ ಎರಡೇ ಪ್ರತಿ, ಯಾವುದಾದರೂ ಎರಡು ಡಿಸ್ಕ್‌ಗಳಲ್ಲಿ. ಆರು ಡಿಸ್ಕ್‌ಗಳ ರೇಡ್ 1 ಐದು ಡಿಸ್ಕ್ ಸತ್ತರೂ ಉಳಿಯುತ್ತದೆ ಎಂದು ತಿಳಿದವರಿಗೆ ಎರಡನೆಯ ಡಿಸ್ಕ್ ಸತ್ತಾಗಲೇ ಆಘಾತ ಕಾದಿರುತ್ತದೆ. ಮೂರು ಅಥವಾ ನಾಲ್ಕು ಪ್ರತಿಗಳ ಆಯ್ಕೆ 5.5 ಕರ್ನಲ್‌ನಿಂದ ಈಚೆಗೆ ಇದೆ. ರೇಡ್ 5 ಮತ್ತು 6 ಮಾತ್ರ ಇಲ್ಲಿ ಬೇಡ. ರೈಟ್ ಹೋಲ್ ಸಮಸ್ಯೆ ಇರುವುದರಿಂದ ನಂಬಿಕೆಯ ಕೆಲಸಕ್ಕೆ ಬಳಸಬೇಡಿ ಎಂದು ಅದರ ಅಧಿಕೃತ ದಾಖಲೆಯೇ ಎಚ್ಚರಿಸುತ್ತದೆ. ಇನ್ನೊಂದು ನಡವಳಿಕೆ ಗೊತ್ತಿರಲಿ: ಒಂದು ಡಿಸ್ಕ್ ಕಾಣೆಯಾಗಿದ್ದರೆ ಡಿಗ್ರೇಡೆಡ್ ಎಂಬ ಆಯ್ಕೆಯನ್ನು ಕೊಡುವವರೆಗೆ ಬಿಟಿಆರ್‌ಎಫ್‌ಎಸ್ ಮೌಂಟ್ ಆಗುವುದಿಲ್ಲ. ದೂರದಲ್ಲಿರುವ ಸರ್ವರ್ ರೀಬೂಟ್ ಆಗಿ ಮತ್ತೆ ಮೇಲೇಳದಿದ್ದಾಗ ಎಷ್ಟೋ ಬಾರಿ ಕಾರಣ ಇದೇ.

ಮರ್ಜರ್‌ಎಫ್‌ಎಸ್ ಬಗ್ಗೆ ಮೇಲೆ ಹೇಳಿದೆ. ಅದಕ್ಕೆ ಸ್ನ್ಯಾಪ್‌ರೇಡ್ ಜೊತೆಯಾದರೆ ರಕ್ಷಣೆಯೂ ಸಿಗುತ್ತದೆ. ಸ್ನ್ಯಾಪ್‌ರೇಡ್ ಆರು ಪ್ಯಾರಿಟಿ ಡಿಸ್ಕ್‌ಗಳವರೆಗೆ ಒಪ್ಪುತ್ತದೆ, ಆದರೆ ಪ್ಯಾರಿಟಿಯನ್ನು ಲೆಕ್ಕ ಹಾಕುವುದು ಬರೆಯುವ ಹೊತ್ತಿನಲ್ಲಲ್ಲ, ನಾವು ಸಿಂಕ್ ಓಡಿಸಿದಾಗ. ರಾತ್ರಿ ಸಿಂಕ್ ಆಗುವಂತಿದ್ದರೆ ಇಂದು ಹಗಲು ಬರೆದದ್ದಕ್ಕೆ ರಾತ್ರಿಯವರೆಗೆ ರಕ್ಷಣೆಯಿಲ್ಲ. ಅಪರೂಪಕ್ಕೆ ಬದಲಾಗುವ ದೊಡ್ಡ ಫೈಲ್‌ಗಳ ಸಂಗ್ರಹಕ್ಕೆ ಇದು ಬಹಳ ಚೆನ್ನ. ಡೇಟಾಬೇಸ್‌ಗೆ ಯಾವ ಕಾರಣಕ್ಕೂ ಸಲ್ಲದು. ವಿಂಡೋಸ್ ಸರ್ವರ್ ನಡೆಸುವವರಿಗೆ 2012ರ ಆವೃತ್ತಿಯಿಂದ ಸ್ಟೋರೇಜ್ ಸ್ಪೇಸಸ್ ಇದೆ. ಅದರಲ್ಲಿ ಮಿರರ್ ಬಗೆ (ಒಂದು ಡಿಸ್ಕ್ ಇನ್ನೊಂದರ ಪೂರ್ಣ ಪ್ರತಿ) ಚೆನ್ನಾಗಿ ನಡೆಯುತ್ತದೆ, ಪ್ಯಾರಿಟಿ ಬಗೆ ಬರೆಯುವಾಗ ನಿಧಾನ.

ಅಳತೆ ಬೇರೆ ಬೇರೆಯಾದಾಗ

ಎಲ್ಲರ ಬಳಿಯೂ ಒಂದೇ ಅಳತೆಯ ಡಿಸ್ಕ್‌ಗಳಿರುವುದಿಲ್ಲ. 4, 4, 8, 8 ಟಿಬಿಯ ನಾಲ್ಕು ಡಿಸ್ಕ್‌ಗಳಿವೆ ಎನ್ನೋಣ, ಒಟ್ಟು 24. ಎಂಡಿಯ ರೇಡ್ 5 ಪ್ರತಿ ಡಿಸ್ಕಿನಿಂದಲೂ ಅತಿ ಚಿಕ್ಕದರಷ್ಟೇ ಜಾಗ ತೆಗೆದುಕೊಳ್ಳುವುದರಿಂದ 12 ಟಿಬಿ ಕೊಟ್ಟು, ಎರಡು ದೊಡ್ಡ ಡಿಸ್ಕ್‌ಗಳ ಅರ್ಧರ್ಧವನ್ನು ಖಾಲಿ ಬಿಡುತ್ತದೆ. ಬಿಟಿಆರ್‌ಎಫ್‌ಎಸ್ ರೇಡ್ 1ಕ್ಕೂ 12 ಟಿಬಿಯೇ ಸಿಗುತ್ತದೆ, ಆದರೆ ಪೂರ್ತಿ ಜಾಗ ಬಳಸಿ, ಪ್ರತಿಯೊಂದಕ್ಕೂ ಇಡಿಯಾದ ಎರಡನೆಯ ಪ್ರತಿ ಇಟ್ಟು. ಝಡ್‌ಎಫ್‌ಎಸ್‌ನಲ್ಲಿ ಚಿಕ್ಕ ಎರಡನ್ನು ಒಂದು ಜೋಡಿ, ದೊಡ್ಡ ಎರಡನ್ನು ಇನ್ನೊಂದು ಜೋಡಿ ಮಾಡಿದರೂ 12 ಟಿಬಿ. ಸ್ನ್ಯಾಪ್‌ರೇಡ್‌ನಲ್ಲಿ ಒಂದು 8 ಟಿಬಿಯನ್ನು ಪ್ಯಾರಿಟಿಗೆ ಕೊಟ್ಟರೆ ಉಳಿದ ಮೂರರಿಂದ 16 ಟಿಬಿ ಸಿಗುತ್ತದೆ; ಪ್ಯಾರಿಟಿ ಡಿಸ್ಕ್ ಎಲ್ಲಕ್ಕಿಂತ ದೊಡ್ಡದಕ್ಕೆ ಸಮನಾಗಿರಬೇಕು ಎಂಬುದೊಂದೇ ಷರತ್ತು. ಇಂಥ ಮಿಶ್ರ ಡಿಸ್ಕ್‌ಗಳಿಗೆ ಎಂಡಿಯ ರೇಡ್ 5 ನನ್ನ ಪಟ್ಟಿಯಲ್ಲಿ ಕೊನೆಯದು.

ಡಿಸ್ಕ್‌ಗಳ ಗುಣವೂ ಲೆಕ್ಕಕ್ಕೆ ಬರಬೇಕು

ವಿಧಾನ ಎಷ್ಟೇ ಒಳ್ಳೆಯದಾದರೂ ತಪ್ಪು ಡಿಸ್ಕ್ ಅದನ್ನು ಕೆಡಿಸುತ್ತದೆ. ಹೆಂಚಿನಂತೆ ಪಥಗಳನ್ನು ಒಂದರ ಮೇಲೊಂದು ಹಾಸುವ ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ಒಂದು ಪಥ ಬದಲಿಸಲು ಪಕ್ಕದವನ್ನೂ ಮತ್ತೆ ಬರೆಯಬೇಕಾಗುತ್ತದೆ. ಮರುಜೋಡಣೆಯಂಥ ನಿರಂತರ ಬರಹದಲ್ಲಿ ಅವುಗಳ ವೇಗ ತೀರ ಕುಸಿದು, ದಿನದ ಕೆಲಸ ವಾರಕ್ಕೆ ಹೋಗುತ್ತದೆ. ಪ್ಯಾರಿಟಿ ಇರುವ ಯಾವ ಗುಂಪಿಗೂ ಸಿಎಂಆರ್ (ಪಥಗಳು ಒಂದರ ಮೇಲೊಂದು ಬೀಳದ ಬಗೆ) ಎಂದು ಖಚಿತವಾದ ಡಿಸ್ಕ್‌ಗಳನ್ನೇ ತರಬೇಕು. ಇನ್ನೊಂದು, ಡೆಸ್ಕ್‌ಟಾಪ್ ಡಿಸ್ಕ್‌ಗಳು ಓದಲಾಗದ ಜಾಗ ಸಿಕ್ಕಾಗ ನಿಮಿಷಗಟ್ಟಲೆ ಪ್ರಯತ್ನಿಸುತ್ತಾ ಮೌನವಾಗಿಬಿಡುತ್ತವೆ. ಲಿನಕ್ಸ್ ಕಾಯುವುದು 30 ಸೆಕೆಂಡು. ಆಮೇಲೆ ಡಿಸ್ಕ್ ಉತ್ತರಿಸುತ್ತಿಲ್ಲವೆಂದು ಅದನ್ನು ರೀಸೆಟ್ ಮಾಡಲು ಹೊರಡುತ್ತದೆ, ಒಂದು ಸೆಕ್ಟರ್‌ನ ದೋಷಕ್ಕೆ ಇಡೀ ಡಿಸ್ಕ್ ಗುಂಪಿನಿಂದ ಹೊರಬೀಳಬಹುದು. ಎನ್‌ಎಎಸ್ (ನೆಟ್‌ವರ್ಕ್ ಮೂಲಕ ಬಳಸುವ ಸಂಗ್ರಹ ಪೆಟ್ಟಿಗೆ) ಹಾಗೂ ಸರ್ವರ್ ಡಿಸ್ಕ್‌ಗಳು ಕೆಲವೇ ಸೆಕೆಂಡುಗಳಲ್ಲಿ ಸೋಲೊಪ್ಪಿಕೊಳ್ಳುವಂತೆ ಹೊಂದಿಸಲ್ಪಟ್ಟಿರುತ್ತವೆ, ಹಾಗಾದಾಗ ರೇಡ್ ಪದರ ಇನ್ನೊಂದು ಪ್ರತಿಯಿಂದ ಓದಿ ಮುಂದುವರಿಯುತ್ತದೆ.

ಬ್ಯಾಕಪ್ ವಿಷಯ ಬೇರೆಯದೇ. ತಪ್ಪಿ ಅಳಿಸಿದ ಫೈಲ್ ಎಲ್ಲ ಪ್ರತಿಗಳಿಂದಲೂ ಅದೇ ಕ್ಷಣ ಅಳಿಯುತ್ತದೆ, ಬೆಂಕಿ ಬಿದ್ದರೆ ಎಂಟು ಡಿಸ್ಕ್‌ಗಳೂ ಒಟ್ಟಿಗೆ ಸುಡುತ್ತವೆ; ರೇಡ್ ಮಟ್ಟ ಯಾವುದೇ ಇರಲಿ, ಇನ್ನೊಂದು ಕಡೆ ಇನ್ನೊಂದು ಪ್ರತಿ ಬೇಕು. ಬ್ಯಾಕಪ್‌ಗೆ ಡಿಸ್ಕ್ ಉಳಿಯುವುದಿಲ್ಲ ಎಂದಾದರೆ ರೇಡ್ 6ರಿಂದ ಒಂದು ಮೆಟ್ಟಿಲು ಇಳಿದಾದರೂ ಬ್ಯಾಕಪ್ ಇಡುವುದು ಸರಿ.

ಯಾರಿಗೆ ಯಾವುದು

ಎರಡೇ ಡಿಸ್ಕ್‌ಗಳಿದ್ದರೆ ಮಿರರ್, ಅದರಲ್ಲಿ ಚರ್ಚೆಯಿಲ್ಲ. ನಾಲ್ಕು ಸಮ ಡಿಸ್ಕ್‌ಗಳಿದ್ದು ಮಾಹಿತಿ ವರ್ಷಾನುಗಟ್ಟಲೆ ಉಳಿಯಬೇಕಿದ್ದರೆ ಝಡ್‌ಎಫ್‌ಎಸ್‌ನಲ್ಲಿ ಎರಡು ಮಿರರ್ ಜೋಡಿಗಳನ್ನು ನಾನು ಹಾಕುತ್ತೇನೆ; ಆಮೇಲೆ ಎರಡೆರಡು ಡಿಸ್ಕ್ ತಂದು ಬೆಳೆಸಬಹುದು. ಆರಕ್ಕಿಂತ ಹೆಚ್ಚಿದ್ದು ದೊಡ್ಡ ಫೈಲ್‌ಗಳೇ ಆದರೆ ಎರಡು ಪ್ಯಾರಿಟಿಯ ರೇಡ್‌ಝಡ್ 2. ಕರ್ನಲ್‌ನ ಹೊರಗಿನದು ಯಾವುದೂ ಬೇಡ, ಸಹೋದ್ಯೋಗಿಗಳೆಲ್ಲರಿಗೂ ಗೊತ್ತಿರುವುದೇ ಬೇಕು ಎನ್ನುವ ಕಡೆ ಎಂಡಿಯ ರೇಡ್ 10 ಅಥವಾ 6, ಮೇಲೆ ಎಲ್‌ವಿಎಂ. ಕೈಗೆ ಸಿಕ್ಕ ಅಳತೆಯ ಡಿಸ್ಕ್‌ಗಳನ್ನು ಆಗಾಗ ಸೇರಿಸುತ್ತಾ ಹೋಗುವವರಿಗೆ ಬಿಟಿಆರ್‌ಎಫ್‌ಎಸ್ ರೇಡ್ 1. ಅವರ ಫೈಲ್‌ಗಳು ಹೆಚ್ಚು ಬದಲಾಗದಿದ್ದರೆ ಮರ್ಜರ್‌ಎಫ್‌ಎಸ್ ಮತ್ತು ಸ್ನ್ಯಾಪ್‌ರೇಡ್.

ಯಾವುದನ್ನೇ ಆಯ್ದುಕೊಂಡರೂ, ಮಾಹಿತಿ ತುಂಬುವ ಮುನ್ನ ಒಂದು ಸಂಜೆ ಈ ಅಭ್ಯಾಸಕ್ಕೆ ಮೀಸಲಿಡಿ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು, ಆದ್ದರಿಂದ ವಾಲ್ಯೂಮ್ ಕಟ್ಟುವಾಗ ಡಿಸ್ಕಿನ ಸೀರಿಯಲ್ ಸಂಖ್ಯೆಯಿರುವ ಹೆಸರನ್ನೇ ಬಳಸಿ, ಆ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಚೀಟಿಯಲ್ಲಿ ಬರೆದು ಡಿಸ್ಕ್ ಹೊರಗಿನಿಂದ ಕಾಣುವ ಅಂಚಿಗೆ ಅಂಟಿಸಿ. ಕೆಟ್ಟ ಡಿಸ್ಕ್ ಬಿಟ್ಟು ಪಕ್ಕದ ಒಳ್ಳೆಯ ಡಿಸ್ಕನ್ನು ಎಳೆದು ವಾಲ್ಯೂಮ್ ಬೀಳಿಸಿಕೊಳ್ಳುವುದು ಈ ಚೀಟಿ ಇಲ್ಲದ ಕಡೆ. ಆಮೇಲೆ ಕೆಲವು ಪರೀಕ್ಷಾ ಫೈಲ್‌ಗಳನ್ನು ಹಾಕಿ, ಅವುಗಳ ಚೆಕ್‌ಸಮ್ ಬರೆದಿಟ್ಟುಕೊಂಡು, ಒಂದು ಡಿಸ್ಕನ್ನು ಬೇಕೆಂದೇ ಎಳೆಯಿರಿ. ಎಚ್ಚರಿಕೆಯ ಇಮೇಲ್ ಬಂತೇ, ಎಷ್ಟು ಹೊತ್ತಿಗೆ ಬಂತು ಎಂದು ನೋಡಿ. ಡಿಸ್ಕ್ ಇಲ್ಲದೆಯೇ ಒಮ್ಮೆ ರೀಬೂಟ್ ಮಾಡಿ, ವಾಲ್ಯೂಮ್ ತಾನಾಗಿ ಮೇಲೇಳುತ್ತದೆಯೇ ಪರೀಕ್ಷಿಸಿ. ಎಳೆದ ಡಿಸ್ಕನ್ನು ಬೇರೆ ಯಂತ್ರದಲ್ಲಿ ಪೂರ್ತಿ ಅಳಿಸಿ ಹೊಸ ಡಿಸ್ಕಿನಂತೆ ತಂದು ಸೇರಿಸಿ, ಓಡಿಸಿದ ಪ್ರತಿಯೊಂದು ಆದೇಶವನ್ನೂ ಅದೇ ಕ್ರಮದಲ್ಲಿ ಬರೆದುಕೊಳ್ಳಿ, ಕೊನೆಗೆ ಚೆಕ್‌ಸಮ್‌ಗಳನ್ನು ತಾಳೆ ನೋಡಿ. ಬರೆದ ಆ ಹಾಳೆಯನ್ನು ಸರ್ವರ್‌ನೊಳಗೆ ಇಡಬೇಡಿ. ಮುದ್ರಿಸಿ, ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿ.